ಕ್ರಿಮಿನಾಲಜಿ, ಫೊರೆನ್ಸಿಕ್, ಪೊಲೀಸ್ ಸೈನ್ಸ್ ಓದೋಕೆ ಯಾವ ಕಾಲೇಜು? ಪದೇ ಪದೇ ಕೇಳುವ ಪ್ರಶ್ನೆಗಳು

ಸೆಕೆಂಡ್ ಪಿಯು ರಿಸಲ್ಟ್ ಬಂದ ವಾರದಿಂದ ನನ್ನ ಫೋನ್‌ಗೆ ಬಿಡುವಿರಲ್ಲ. ನೆಂಟರು, ನೆಂಟರ ಪಕ್ಕದ ಮನೆಯವರು, ಹಳೇ ಸ್ಟೂಡೆಂಟ್‌ಗಳ ತಮ್ಮ ತಂಗಿಯರು, ಎಲ್ಲರದ್ದೂ ಒಂದೇ ಮಾತು, "ಮೇಡಂ, ನಮ್ಮ ಹುಡುಗನಿಗೆ ಈ ಕ್ರೈಮ್ ಲೈನೇ ಬೇಕಂತೆ, ಯಾವ ಕಾಲೇಜಿಗೆ ಹಾಕೋಣ?" ನಾನು ಕ್ರಿಮಿನಾಲಜಿ ಓದಿದವಳು, ಈಗ ಡಿಗ್ರಿ ಮಕ್ಕಳಿಗೆ ಅದನ್ನೇ ಪಾಠ ಮಾಡ್ತಿದೀನಿ. ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳಿ ಹೇಳಿ, ಕೊನೆಗೆ ಎಲ್ಲಾ ಒಂದು ಕಡೆ ಬರೆದಿಟ್ಟರೆ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಓದಬಹುದು ಅನ್ನಿಸ್ತು.

ಕ್ರಿಮಿನಲ್ ಜಸ್ಟಿಸ್ ಅಂತ ಒಂದು ಡಿಗ್ರಿ ನಮ್ಮಲ್ಲಿ ಇದ್ಯಾ?

ಆ ಹೆಸರಲ್ಲಿ ಹುಡುಕಿದ್ರೆ ಕಡಿಮೆ ಸಿಗತ್ತೆ. ಅಮೆರಿಕದಲ್ಲಿ ಅದು ಮಾಮೂಲಿ ಡಿಗ್ರಿ, ಪೊಲೀಸ್, ಕೋರ್ಟು, ಜೈಲು ಮೂರನ್ನೂ ಸೇರಿಸಿ ಓದಿಸ್ತಾರೆ. ನಮ್ಮಲ್ಲಿ ಅದೇ ವಿಷಯ ಬೇರೆ ಬೇರೆ ಬಾಗಿಲುಗಳಲ್ಲಿ ಹಂಚಿಹೋಗಿದೆ. ಅಪರಾಧ ಯಾಕೆ ಆಗತ್ತೆ, ಅಪರಾಧಿ ಯಾರು, ಸಂತ್ರಸ್ತರ ಪಾಡೇನು, ಶಿಕ್ಷೆ ಹೇಗಿರಬೇಕು ಅನ್ನೋದು ಕ್ರಿಮಿನಾಲಜಿ. ರಕ್ತ, ಬೆರಳಚ್ಚು, ಗುಂಡು, ವಿಷ, ಕೈಬರಹ, ಮೊಬೈಲ್ ಡೇಟಾ, ಇದನ್ನೆಲ್ಲ ಲ್ಯಾಬಲ್ಲಿ ಪರೀಕ್ಷೆ ಮಾಡೋದು ಫೊರೆನ್ಸಿಕ್, ಅಂದ್ರೆ ವಿಧಿವಿಜ್ಞಾನ. ವಾದ ಮಾಡೋದು, ತೀರ್ಪು ಕೊಡೋದು ಲಾ. ಠಾಣೆ ಆಡಳಿತ, ಭದ್ರತೆ ಎಲ್ಲ ಪೊಲೀಸ್ ಸೈನ್ಸ್, ಸೆಕ್ಯೂರಿಟಿ ಸ್ಟಡೀಸ್ ಅನ್ನೋ ಹೆಸರಲ್ಲಿ ಬರತ್ತೆ. ಜೈಲಿಂದ ಹೊರಗೆ ಬಂದವರ ಜೊತೆ, ತಪ್ಪು ಮಾಡಿದ ಮಕ್ಕಳ ಜೊತೆ ಕೆಲಸ ಮಾಡ್ಬೇಕು ಅಂದ್ರೆ ಸೋಶಿಯಲ್ ವರ್ಕ್ ಕಡೆ ಹೋಗ್ಬೇಕು.

ಹಾಗಾಗಿ ಕಾಲೇಜು ಯಾವುದು ಅಂತ ಕೇಳೋ ಮೊದಲು ಹುಡುಗನ್ನ ಕೂರಿಸಿಕೊಂಡು ಕೇಳಿ, ಇಪ್ಪತ್ತೈದನೇ ವಯಸ್ಸಿಗೆ ನೀನು ಎಲ್ಲಿ ಕೂತಿರಬೇಕು ಅಂತಿದೀಯಾ? ಠಾಣೆಯಲ್ಲೋ, ಲ್ಯಾಬಲ್ಲೋ, ಕೋರ್ಟಲ್ಲೋ, ಜೈಲಿನ ಆಫೀಸಲ್ಲೋ? ಆ ಕುರ್ಚಿ ಗೊತ್ತಾದ್ರೆ ಅದಕ್ಕೆ ಏನು ಓದಿರಬೇಕು ಅಂತ ನೇಮಕಾತಿ ನೋಟಿಫಿಕೇಶನ್ನೇ ಹೇಳತ್ತೆ, ಅದು ಗೊತ್ತಾದ ಮೇಲೆ ಕಾಲೇಜು. ಬಹಳಷ್ಟು ಮನೆಗಳಲ್ಲಿ ಇದು ಉಲ್ಟಾ ಆಗತ್ತೆ, ಮೊದಲು ಬ್ರೋಷರ್ ಸಿಗತ್ತೆ, ಆಮೇಲೆ ಫೀಸ್ ಕಟ್ತಾರೆ, ಮೂರು ವರ್ಷ ಆದ್ಮೇಲೆ ನೋಟಿಫಿಕೇಶನ್ ಓದ್ತಾರೆ.

ಪಿಎಸ್‌ಐ ಆಗ್ಬೇಕು. ಕ್ರಿಮಿನಾಲಜಿ ಓದಿದ್ರೆ ಅನುಕೂಲ ಆಗತ್ತಾ?

ಅರ್ಹತೆ ಅಂತ ನೋಡಿದ್ರೆ ಏನೂ ವ್ಯತ್ಯಾಸ ಇಲ್ಲ. ಕರ್ನಾಟಕದಲ್ಲಿ ಪಿಎಸ್‌ಐಗೆ ಮಾನ್ಯತೆ ಇರೋ ವಿಶ್ವವಿದ್ಯಾಲಯದ ಯಾವ ಡಿಗ್ರಿ ಆದ್ರೂ ನಡೆಯತ್ತೆ, ಬಿಕಾಂ ಮಾಡಿದವರೂ ಆಗ್ತಾರೆ, ಬಿಎಸ್‌ಸಿ ಅಗ್ರಿ ಮಾಡಿದವರೂ ಆಗ್ತಾರೆ. ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಸಾಕು. ಡಿವೈಎಸ್‌ಪಿ ಅಂದ್ರೆ ಕೆಪಿಎಸ್‌ಸಿ ಪರೀಕ್ಷೆ, ಐಪಿಎಸ್ ಅಂದ್ರೆ ಯುಪಿಎಸ್‌ಸಿ, ಎರಡಕ್ಕೂ ಯಾವ ಡಿಗ್ರಿ ಆದ್ರೂ ಸರಿ.

ಪಿಎಸ್‌ಐ ಆಯ್ಕೆಯಲ್ಲಿ ಮೊದಲು ದೇಹದಾರ್ಢ್ಯತೆ, ಆಮೇಲೆ ಲಿಖಿತ ಪರೀಕ್ಷೆ. ಪ್ರಬಂಧ, ಅನುವಾದ, ಸಾರಾಂಶ ಬರೆಯೋ ಪತ್ರಿಕೆ 50 ಅಂಕದ್ದು, ಸಾಮಾನ್ಯ ಜ್ಞಾನದ ಪತ್ರಿಕೆ 150 ಅಂಕದ್ದು. ಇದ್ರಲ್ಲಿ ಕ್ರಿಮಿನಾಲಜಿಗೆ ಅಂತ ಬೇರೆ ಅಂಕ ಇಲ್ಲ. ಹುಡುಗರಿಗೆ ಎತ್ತರ 168 ಸೆಂಟಿಮೀಟರ್ ಕೇಳ್ತಾರೆ, ಇದನ್ನ ಪಿಯುಸಿಯಲ್ಲೇ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದು ಅಳೆದು ನೋಡಿ, ದಯವಿಟ್ಟು. ಮೂರು ವರ್ಷ ಖಾಕಿ ಕನಸು ಕಂಡು, ಡಿಗ್ರಿ ಮುಗಿಸಿ, ಎತ್ತರದಲ್ಲಿ 2 ಸೆಂಟಿಮೀಟರ್ ಕಡಿಮೆ ಅಂತ ಮೈದಾನದಿಂದ ವಾಪಸ್ ಬಂದ ಹುಡುಗ ನನ್ನ ಕ್ಲಾಸಲ್ಲೇ ಇದ್ದ. ಅವತ್ತು ಸಂಜೆ ಅವನು ಫೋನ್ ಮಾಡಿ ಐದು ನಿಮಿಷ ಏನೂ ಮಾತಾಡ್ಲಿಲ್ಲ.

ಹಾಗಂತ ಓದು ದಂಡ ಅಂತಲ್ಲ. ಕೆಲಸಕ್ಕೆ ಸೇರಿದ ಮೇಲೆ ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಮಹಜರ್ ಬರೆಯುವಾಗ, ವಶಕ್ಕೆ ತಗೊಂಡ ವಸ್ತು ಅಂದ್ರೆ ಮುದ್ದೆಮಾಲು ಸೀಲ್ ಮಾಡುವಾಗ, ಸಂತ್ರಸ್ತೆ ಹೇಳಿಕೆ ತಗೊಳ್ಳುವಾಗ, ಈ ವಿಷಯ ಓದಿದವರಿಗೂ ಓದದವರಿಗೂ ಇರೋ ವ್ಯತ್ಯಾಸ ಕಣ್ಣಿಗೆ ಕಾಣತ್ತೆ ಅಂತ ಇಲಾಖೆಯಲ್ಲಿರೋ ನನ್ನ ಹಳೇ ಸ್ಟೂಡೆಂಟ್‌ಗಳು ಹೇಳ್ತಾರೆ. ಆದ್ರೆ ಸೇರೋ ಬಾಗಿಲು ಮಾತ್ರ ಎಲ್ಲರಿಗೂ ಒಂದೇ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಓದಬಹುದು?

ನಾನು ಮೊದಲು ಹೇಳೋ ಹೆಸರು ಧಾರವಾಡ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ವಿಭಾಗ ಬಹಳ ವರ್ಷದಿಂದ ಇದೆ, ಈ ಭಾಗದಲ್ಲಿ ಅಪರಾಧಶಾಸ್ತ್ರ ಕಲಿಸೋ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಅಲ್ಲಿ ಓದಿದವರೇ. ಅದೇ ಊರಲ್ಲಿ ಈಗ ನ್ಯಾಷನಲ್ ಫೊರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿ, ಅಂದ್ರೆ ಎನ್‌ಎಫ್‌ಎಸ್‌ಯುನ ಕ್ಯಾಂಪಸ್ ಕೂಡ ಬಂದಿದೆ, 2023ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ವಿಷಯದ ವಿಭಾಗ ಇದೆ. ಮಂಗಳೂರಿನ ರೋಶನಿ ನಿಲಯದಲ್ಲಿ ಕ್ರಿಮಿನಾಲಜಿ ಇದೆ, ಅದು ಮೂಲದಲ್ಲಿ ಸಮಾಜಕಾರ್ಯದ ಸಂಸ್ಥೆ ಆದ್ದರಿಂದ ಜನರ ಜೊತೆ ಕೆಲಸ ಮಾಡೋ ಮನಸ್ಸಿರೋ ಮಕ್ಕಳು ಅದನ್ನೂ ಒಂದು ಸಲ ನೋಡ್ಬೇಕು. ಶಿವಮೊಗ್ಗದ ರಾಗಿಗುಡ್ಡದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ, ಅಂದ್ರೆ ಆರ್‌ಆರ್‌ಯುನ ಕ್ಯಾಂಪಸ್ ಇದೆ, ಪೊಲೀಸ್ ಆಡಳಿತ, ಭದ್ರತೆ ಈ ಕಡೆಯ ಓದಿಗೆ.

ಬೆಂಗಳೂರಿನ ಪ್ರೈವೇಟ್ ಯೂನಿವರ್ಸಿಟಿಗಳಲ್ಲೂ ಬಿಎಸ್‌ಸಿ ಫೊರೆನ್ಸಿಕ್ ಬಹಳ ಆಗಿದೆ. ಅವುಗಳನ್ನ ಒಂದೊಂದಾಗಿ ಹೆಸರಿಸಲ್ಲ, ಕೆಳಗೆ ಲ್ಯಾಬ್ ಬಗ್ಗೆ ಬರೆದಿರೋದನ್ನ ಓದಿ ನೀವೇ ಹೋಗಿ ಅಳೆಯಿರಿ.

ಎನ್‌ಎಫ್‌ಎಸ್‌ಯು, ಆರ್‌ಆರ್‌ಯು ಎರಡೂ ಒಂದೇನಾ?

ಅಲ್ಲ. ಎರಡಕ್ಕೂ ಪಾರ್ಲಿಮೆಂಟ್ 2020ರಲ್ಲಿ ಕಾಯ್ದೆ ಮಾಡ್ತು, ಎರಡೂ ಕೇಂದ್ರ ಗೃಹ ಸಚಿವಾಲಯದ ಕೆಳಗೆ ಬರತ್ವೆ, ಎರಡರ ಮುಖ್ಯ ಕ್ಯಾಂಪಸ್ಸೂ ಗುಜರಾತಿನ ಗಾಂಧಿನಗರದ ಕಡೆ, ಅದಕ್ಕೇ ಜನ ಕಲಸಿಕೊಳ್ತಾರೆ. ಎನ್‌ಎಫ್‌ಎಸ್‌ಯು ಲ್ಯಾಬಿನ ಕಡೆ, ಆರ್‌ಆರ್‌ಯು ಪೊಲೀಸ್ ಮತ್ತು ಭದ್ರತೆಯ ಕಡೆ. ಎನ್‌ಎಫ್‌ಎಸ್‌ಯುಗೆ ಎನ್‌ಎಫ್‌ಎಟಿ ಅಂತ ಅವರದೇ ಪ್ರವೇಶ ಪರೀಕ್ಷೆ ಇದೆ. ಒಂದು ವಿಷಯ ನೆನಪಿಟ್ಟುಕೊಳ್ಳಿ, ಗಾಂಧಿನಗರದಲ್ಲಿ ಇರೋ ಕೋರ್ಸೆಲ್ಲ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇರಲ್ಲ, ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಕ್ಯಾಂಪಸ್ ಹೆಸರಿನ ಮುಂದೆ ಏನಿದೆ ಅಂತ ನೋಡಿಯೇ ಅರ್ಜಿ ಹಾಕಿ.

ರಾಜ್ಯದ ಹೊರಗೆ ಒಳ್ಳೆ ಜಾಗ?

ಮಧ್ಯಪ್ರದೇಶದ ಸಾಗರ್‌ನಲ್ಲಿರೋ ಹರಿಸಿಂಗ್ ಗೌರ್ ವಿಶ್ವವಿದ್ಯಾಲಯದ ವಿಭಾಗ ಈ ವಿಷಯಕ್ಕೆ ದೇಶದಲ್ಲೇ ಹಳೇದು. ನಮಗೆ ಹತ್ತಿರದ್ದು ಅಂದ್ರೆ ಮದ್ರಾಸ್ ವಿಶ್ವವಿದ್ಯಾಲಯ, ತಿರುನಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯ. ತಿರುನಲ್ವೇಲಿಯಲ್ಲಿ ವಿಭಾಗದ ಹೆಸರಲ್ಲೇ ಕ್ರಿಮಿನಲ್ ಜಸ್ಟಿಸ್ ಇದೆ. ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್, ಅಂದ್ರೆ ಟಿಸ್ ಬಗ್ಗೆ ನನಗೆ ವಿಶೇಷ ಗೌರವ. ಅಲ್ಲಿ ಸೋಶಿಯಲ್ ವರ್ಕ್‌ನಲ್ಲಿ ಕ್ರಿಮಿನಾಲಜಿ ಅಂಡ್ ಜಸ್ಟಿಸ್ ಓದಿಸ್ತಾರೆ, ಅಲ್ಲಿಂದಲೇ 1990ರಲ್ಲಿ ಶುರುವಾದ ಪ್ರಯಾಸ್ ಅನ್ನೋ ಯೋಜನೆ ಜೈಲಲ್ಲಿರೋ ವಿಚಾರಣಾಧೀನ ಕೈದಿಗಳ ಜೊತೆ ಕೆಲಸ ಮಾಡತ್ತೆ. ಬೇಲ್ ಸಿಕ್ಕಿದ್ರೂ ಶ್ಯೂರಿಟಿ ಕೊಡೋಕೆ ಯಾರೂ ಇಲ್ಲದೇ ಒಳಗೇ ಉಳಿದವರ ಕಷ್ಟ ಹತ್ತಿರದಿಂದ ನೋಡ್ಬೇಕು ಅಂದ್ರೆ ಅಂಥ ಕಡೆ ಹೋಗ್ಬೇಕು.

ಪಿಯುಸಿ ಆರ್ಟ್ಸ್ ಮಾಡಿದೀನಿ, ಫೊರೆನ್ಸಿಕ್‌ಗೆ ಸೇರಬಹುದಾ?

ಬಿಎಸ್‌ಸಿ ಫೊರೆನ್ಸಿಕ್‌ಗೆ ಪಿಯುಸಿ ಸೈನ್ಸ್ ಬೇಕು. ಆರ್ಟ್ಸ್, ಕಾಮರ್ಸ್ ಮಾಡಿದವರಿಗೆ ಬಿಎನಲ್ಲಿ ಕ್ರಿಮಿನಾಲಜಿ ತಗೊಳ್ಳೋ ದಾರಿ ಇದೆ, ಜೊತೆಗೆ ಸೈಕಾಲಜಿ ಅಥವಾ ಸೋಶಿಯಾಲಜಿ ಸಿಕ್ಕಿದ್ರೆ ತುಂಬಾ ಒಳ್ಳೇದು.

ಬಿಎಸ್‌ಸಿ ಫೊರೆನ್ಸಿಕ್ ಮಾಡಿದ್ರೆ ಎಫ್‌ಎಸ್‌ಎಲ್‌ನಲ್ಲಿ ಕೆಲಸ ಗ್ಯಾರಂಟಿ ಅಂತಾರಲ್ಲ?

ಗ್ಯಾರಂಟಿ ಅಂತ ಯಾರು ಹೇಳಿದ್ರೂ ನಂಬಬೇಡಿ. ಇದನ್ನ ನಾನು ಪ್ರತಿ ವರ್ಷ ಗಂಟಲು ನೋಯೋ ತನಕ ಹೇಳ್ತೀನಿ, ಇಲ್ಲೂ ಉದ್ದಕ್ಕೆ ಬರೀತೀನಿ.

ಎಫ್‌ಎಸ್‌ಎಲ್ ಅಂದ್ರೆ ವಿಧಿವಿಜ್ಞಾನ ಪ್ರಯೋಗಾಲಯ. ನಮ್ಮ ರಾಜ್ಯದ ಮುಖ್ಯ ಎಫ್‌ಎಸ್‌ಎಲ್ ಬೆಂಗಳೂರಿನ ಮಡಿವಾಳದಲ್ಲಿದೆ, ಪ್ರಾದೇಶಿಕ ಲ್ಯಾಬ್‌ಗಳು ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಈ ಕಡೆಯೆಲ್ಲ ಇವೆ. ಅಲ್ಲಿ ಕೆಲಸ ವಿಭಾಗವಾರು ನಡೆಯತ್ತೆ, ವಿಷ ಪರೀಕ್ಷೆಯ ಟಾಕ್ಸಿಕಾಲಜಿಗೆ ಕೆಮಿಸ್ಟ್ರಿ ಬಲ್ಲವರು ಬೇಕು, ಡಿಎನ್‌ಎಗೆ ಬಯಾಲಜಿ, ಬಂದೂಕು ಗುಂಡಿನ ವಿಭಾಗಕ್ಕೆ ಫಿಸಿಕ್ಸ್. ಹಾಗಾಗಿ ಸರ್ಕಾರಿ ಲ್ಯಾಬ್‌ಗಳ ನೋಟಿಫಿಕೇಶನ್ ನೋಡಿದ್ರೆ ಎಂಎಸ್‌ಸಿ ಕೆಮಿಸ್ಟ್ರಿ, ಎಂಎಸ್‌ಸಿ ಝೂವಾಲಜಿ ಮಾಡಿದವರಿಗೂ ಅವಕಾಶ ಇರತ್ತೆ. ಕೇಂದ್ರದ ಲ್ಯಾಬ್‌ಗಳಿಗೆ ಯುಪಿಎಸ್‌ಸಿ ಕರೆಯೋ ಹುದ್ದೆಗಳಲ್ಲಿ, ಫೊರೆನ್ಸಿಕ್‌ನಲ್ಲಿ ಎಂಎಸ್‌ಸಿ ಆಗಿದ್ರೂ ಡಿಗ್ರಿಯ ಮೂರೂ ವರ್ಷ ಕೆಮಿಸ್ಟ್ರಿ ಅಥವಾ ಫಿಸಿಕ್ಸ್ ಅಥವಾ ಆ ವಿಭಾಗಕ್ಕೆ ಬೇಕಾದ ಮೂಲ ವಿಷಯ ಓದಿರಬೇಕು ಅನ್ನೋ ಷರತ್ತು ಎಷ್ಟೋ ಸಲ ಬಂದಿದೆ. ಈ ಒಂದು ಸಾಲಿಂದ ಎಷ್ಟು ಜನ ಹೊರಗೆ ಉಳಿದಿದ್ದಾರೆ ಅಂತ ನೆನೆಸಿಕೊಂಡ್ರೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಹದಿನೆಂಟು ವರ್ಷದ ಮಗುವಿಗೆ ಅಡ್ಮಿಶನ್ ದಿನ ಇದನ್ನ ಯಾರೂ ಹೇಳಿರಲ್ಲ.

ಅದಕ್ಕೆ ನನ್ನ ಸಲಹೆ ಇಷ್ಟೇ, ಬಿಎಸ್‌ಸಿಯಲ್ಲಿ ಫೊರೆನ್ಸಿಕ್ ತಗೊಂಡ್ರೆ ಜೊತೆಗೆ ಕೆಮಿಸ್ಟ್ರಿಯೋ ಝೂವಾಲಜಿಯೋ ಕಂಪ್ಯೂಟರ್ ಸೈನ್ಸೋ ಪೂರ್ತಿ ಡಿಗ್ರಿ ತನಕ ಇರೋ ಕಾಂಬಿನೇಶನ್ ಆರಿಸಿ. ಇಲ್ಲಾಂದ್ರೆ ಶುದ್ಧ ಬಿಎಸ್‌ಸಿ ಮಾಡಿ ಎಂಎಸ್‌ಸಿಗೆ ಫೊರೆನ್ಸಿಕ್‌ಗೆ ಬನ್ನಿ, ನಷ್ಟ ಏನೂ ಇಲ್ಲ. ಬರೀ ಬಿಎಸ್‌ಸಿಗೆ ನಿಲ್ಲಿಸೋ ಯೋಚನೆ ಇದ್ರೆ ಈ ಲೈನ್ ಕಷ್ಟ, ವಿಜ್ಞಾನಿ ಹುದ್ದೆಗೆ ಎಂಎಸ್‌ಸಿ ಬೇಕೇ ಬೇಕು ಅಂದ್ಕೊಂಡೇ ಹೊರಡಿ.

ಇನ್ನೊಂದು ಗೊಂದಲ, ಪೋಸ್ಟ್‌ಮಾರ್ಟಂ. ಅದು ಡಾಕ್ಟರ ಕೆಲಸ, ಎಂಬಿಬಿಎಸ್ ಆಗಿ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಮಾಡೋರ ದಾರಿ. ಬಿಎಸ್‌ಸಿ ಫೊರೆನ್ಸಿಕ್ ಮಾಡಿದವರು ಹೆಣ ಕೊಯ್ಯಲ್ಲ. ಇದು ಗೊತ್ತಾದ ಕೂಡಲೇ ಅರ್ಧ ಅಮ್ಮಂದಿರಿಗೆ ಸಮಾಧಾನ ಆಗತ್ತೆ.

ಹಾಗಿದ್ರೆ ಈ ಕ್ಷೇತ್ರದಲ್ಲಿ ಕೆಲಸ ಹೆಚ್ಚಾಗ್ತಿದೆಯಾ, ಇಲ್ವಾ?

ಅವಶ್ಯಕತೆ ಖಂಡಿತ ಹೆಚ್ಚಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹ ಮಾಡ್ಬೇಕು, ಅದರ ವಿಡಿಯೋನೂ ಆಗ್ಬೇಕು. ಇದನ್ನ ಜಾರಿಗೆ ತರೋಕೆ ರಾಜ್ಯಗಳಿಗೆ 5 ವರ್ಷದ ತನಕ ಟೈಮ್ ಕೊಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿ ಸೀನ್ ಆಫ್ ಕ್ರೈಮ್ ಆಫೀಸರ್, ಎಲ್ಲರೂ ಸೋಕೋ ಅಂತಾರೆ, ಆ ಹುದ್ದೆಗಳು ಬಂದು ಭರ್ತಿನೂ ಆಯ್ತು. ಆದ್ರೆ ಅವಶ್ಯಕತೆ ಬೇರೆ, ನೋಟಿಫಿಕೇಶನ್ ಬೇರೆ. ಹುದ್ದೆ ಯಾವಾಗ ಕರೀತಾರೆ ಅಂತ ಕಾಯ್ತಾ ಕೂರೋ ಮಕ್ಕಳನ್ನ ನೋಡಿದೀನಿ, ಹಾಗಾಗಿ ಕೈಯಲ್ಲಿ ಇನ್ನೊಂದು ದಾರಿ ಇಟ್ಟುಕೊಂಡೇ ಓದಿ.

ಕಾಲೇಜು ನೋಡೋಕೆ ಹೋದಾಗ ಏನು ನೋಡ್ಬೇಕು?

ಲ್ಯಾಬ್. ಗೇಟು, ಗಾಜಿನ ಬಿಲ್ಡಿಂಗು, ಎಸಿ ಸೆಮಿನಾರ್ ಹಾಲು ಆಮೇಲೆ ನೋಡಿ.

ನಾನು ಓದಿದ ಜಾಗದಲ್ಲಿ ಒಂದು ಕಂಪ್ಯಾರಿಸನ್ ಮೈಕ್ರೋಸ್ಕೋಪ್ ಇತ್ತು, ಎರಡು ಗುಂಡುಗಳನ್ನ ಪಕ್ಕಪಕ್ಕ ಇಟ್ಟು ಗೆರೆ ಹೋಲಿಸಿ ನೋಡೋದು. ನೀಲಿ ಬಟ್ಟೆಯ ಕವರ್ ಹೊದಿಸಿ ಮೂಲೆಯಲ್ಲಿ ಇಟ್ಟಿದ್ರು, ಇನ್‌ಸ್ಪೆಕ್ಷನ್ ದಿನ ಕವರ್ ತೆಗೆಯೋರು, ಸಂಜೆ ಮತ್ತೆ ಹಾಕೋರು. ನಾನು ಅದರಲ್ಲಿ ಒಂದು ಸಲವೂ ಕಣ್ಣಿಟ್ಟು ನೋಡ್ಲಿಲ್ಲ. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತಗೊಂಡೆ. ಇವತ್ತಿಗೂ ನನಗೆ ಅದು ಬೇಜಾರು.

ಅದೇ ಜಾಗದಲ್ಲಿ, ಒಬ್ಬ ರಿಟೈರ್ಡ್ ಇನ್‌ಸ್ಪೆಕ್ಟರ್ ವಾರಕ್ಕೊಂದು ದಿನ ಬಂದು ಕಾಲೇಜಿನ ಹಿಂದಿನ ಕೆಮ್ಮಣ್ಣಲ್ಲಿ ನಮ್ಮನ್ನೇ ಚಪ್ಪಲಿ ಹಾಕಿಸಿ ನಡೆಸಿ, ಆ ಹೆಜ್ಜೆ ಗುರುತಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗೆಯೋದು ಕಲಿಸಿದ್ರು. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಅಂದ್ರು. ನಾನು ಅವಸರಕ್ಕೆ ಮೇಲಿಂದ ಸುರಿದುಬಿಟ್ಟೆ, ಬಿದ್ದ ರಭಸಕ್ಕೆ ಹಿಮ್ಮಡಿ ಗುರುತೇ ಕಲಸಿಹೋಯ್ತು. ಅವರು ಬೈಲಿಲ್ಲ, ಪಕ್ಕದ ಹೆಜ್ಜೆ ಹತ್ರ ಕೂತು ಚಮಚವನ್ನ ಓರೆಯಾಗಿ ಹಿಡಿದು ಅದರ ಮೇಲಿಂದ ಹಿಟ್ಟು ನಿಧಾನಕ್ಕೆ ಜಾರಿಬಿಟ್ಟು ತೋರಿಸಿದ್ರು, ಅರ್ಧ ಗಂಟೆ ಬಿಟ್ಟು ಎತ್ತಿದ್ರೆ ಚಪ್ಪಲಿಯ ಸವೆದ ಅಂಚು, ಒಂದು ಮೊಳೆಯ ತಲೆ ಎಲ್ಲ ಅಚ್ಚಲ್ಲಿ ಬಂದಿತ್ತು. ಆಮೇಲೆ ಅದನ್ನ ಪ್ಯಾಕ್ ಮಾಡಿ, ಚೀಟಿ ಬರೆದು, ದಿನಾಂಕ ಹಾಕಿ, ಇಬ್ಬರು ಪಂಚರ, ಅಂದ್ರೆ ಸ್ಥಳದ ಸಾಕ್ಷಿಗಳ ಸಹಿ ಹಾಕಿಸಿ, ನನ್ನ ಕೈಯಿಂದ ಇನ್ನೊಬ್ಬಳ ಕೈಗೆ ಹೋದಾಗ ಅದನ್ನೂ ಬರೆಸಿದ್ರು. ಆ ಒಂದು ಮಧ್ಯಾಹ್ನ ಕಲಿತಿದ್ದು ಇಡೀ ಸೆಮಿಸ್ಟರ್ ನೋಟ್ಸಲ್ಲಿ ಇರ್ಲಿಲ್ಲ.

ಹಾಗಾಗಿ ನೀವು ಹೋದಾಗ ಪ್ರಿನ್ಸಿಪಾಲರನ್ನ ಕೇಳೋದಕ್ಕಿಂತ ಎರಡನೇ ವರ್ಷದ ಮಕ್ಕಳನ್ನ ಕ್ಯಾಂಟೀನ್ ಹತ್ರ ಹಿಡಿದು ಕೇಳಿ. ಈ ತಿಂಗಳು ಕೈಯಾರೆ ಏನು ಮಾಡಿದ್ರಿ? ಬೆರಳಚ್ಚು ಪೌಡರ್ ಹಾಕಿ ಎತ್ತಿದೀರಾ? ಲ್ಯಾಬ್ ಕೀ ಯಾರ ಹತ್ರ ಇರತ್ತೆ? ಕೋರ್ಟಿಗೆ ಕರ್ಕೊಂಡು ಹೋಗಿದ್ರಾ? ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ಇಸ್ಕೊಂಡು ನೋಡಿ, ಎಲ್ಲರ ಪುಸ್ತಕದಲ್ಲೂ ಒಂದೇ ರೀಡಿಂಗ್ ಇದ್ರೆ ಅರ್ಥ ಮಾಡ್ಕೊಳ್ಳಿ. ಪಾಠ ಮಾಡೋರು ಎಷ್ಟು ಜನ ಪರ್ಮನೆಂಟ್, ಎಷ್ಟು ಜನ ಗೆಸ್ಟ್, ಅವರು ಓದಿರೋದು ಇದೇ ವಿಷಯಾನಾ ಅಂತಲೂ ಕೇಳಿ. ಕ್ರಿಮಿನಾಲಜಿಗೂ ಫೊರೆನ್ಸಿಕ್ ಸೈನ್ಸ್‌ಗೂ ಲೆಕ್ಚರರ್ ಅರ್ಹತೆಯ ಯುಜಿಸಿ ನೆಟ್‌ನಲ್ಲಿ ಬೇರೆ ಬೇರೆ ವಿಷಯವಾಗಿ ಪರೀಕ್ಷೆ ಇದೆ, ಹಾಗಾಗಿ ಅರ್ಹರೇ ಸಿಗಲ್ಲ ಅನ್ನೋ ಸಬೂಬು ನಡೆಯಲ್ಲ.

ಸಿಲಬಸ್ ಹಳೇದೋ ಹೊಸದೋ ಹೇಗೆ ಗೊತ್ತಾಗತ್ತೆ?

ಸುಲಭ. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 511 ಸೆಕ್ಷನ್ ಇದ್ದಿದ್ದು 358 ಆಗಿದೆ. ತನಿಖೆ, ವಿಚಾರಣೆ ಹೇಗೆ ನಡೀಬೇಕು ಅಂತ ಹೇಳ್ತಿದ್ದ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ, 1872ರ ಎವಿಡೆನ್ಸ್ ಆಕ್ಟ್ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಕೊಲೆ ಅಂದ್ರೆ 302 ಅಂತ ಬಾಯಿಪಾಠ ಆಗಿತ್ತಲ್ಲ, ಈಗ 103. ಚೀಟಿಂಗ್ 420 ಹೋಗಿ 318 ಆಯ್ತು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ 65ಬಿ ಸರ್ಟಿಫಿಕೇಟ್ ಅಂತಿದ್ದಿದ್ದು ಈಗ 63ರಲ್ಲಿದೆ. ಸಿಲಬಸ್ ಕಾಪಿಯಲ್ಲಿ ಹೊಸ ಹೆಸರುಗಳೇ ಇಲ್ಲ ಅಂದ್ರೆ ಆ ವಿಭಾಗ ನಿದ್ದೆ ಮಾಡ್ತಿದೆ. ಹಾಗಂತ ಹಳೇದು ಪೂರ್ತಿ ಬಿಟ್ಟಿದ್ರೂ ತಪ್ಪು, 2024ರ ಜುಲೈಗೆ ಮೊದಲು ನಡೆದ ಅಪರಾಧಗಳು ಇನ್ನೂ ಐಪಿಸಿ ಕೆಳಗೇ ವಿಚಾರಣೆ ನಡೀತಿವೆ, ಇವತ್ತು ಓದೋ ಮಗು ಎರಡನ್ನೂ ತಿಳ್ಕೊಂಡಿರಬೇಕು.

ನೂರಕ್ಕೆ ನೂರು ಪ್ಲೇಸ್‌ಮೆಂಟ್, ಸಿಬಿಐನಲ್ಲಿ ಕೆಲಸ ಅಂತ ಬ್ರೋಷರ್‌ನಲ್ಲಿ ಹಾಕಿದ್ದಾರೆ, ನಿಜಾನಾ?

ಸಿಬಿಐ ಯಾವ ಕಾಲೇಜಿಗೂ ಕ್ಯಾಂಪಸ್ ಸೆಲೆಕ್ಷನ್‌ಗೆ ಬಂದು ಸಬ್ ಇನ್‌ಸ್ಪೆಕ್ಟರ್‌ನ ತಗೊಳ್ಳಲ್ಲ. ಸಿಬಿಐ ಸಬ್ ಇನ್‌ಸ್ಪೆಕ್ಟರ್ ಹುದ್ದೆ ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್‌ಎಸ್‌ಸಿ) ನಡೆಸೋ ಸಿಜಿಎಲ್ ಪರೀಕ್ಷೆಯಿಂದ ಬರತ್ತೆ, ಎನ್‌ಐಎದ್ದೂ ಹಾಗೇ, ಯಾವ ಡಿಗ್ರಿ ಆದ್ರೂ ಬರೀಬಹುದು. ಉಳಿದವರಲ್ಲಿ ಬಹಳ ಜನ ಬೇರೆ ಪೊಲೀಸ್ ಪಡೆಗಳಿಂದ ಡೆಪ್ಯುಟೇಶನ್ ಮೇಲೆ ಹೋಗ್ತಾರೆ. ಹೀಗೆ ಬರೆದಿರೋ ಬ್ರೋಷರ್ ಕಂಡ್ರೆ, ಹೋದ ವರ್ಷ ಯಾರ್ಯಾರಿಗೆ ಎಲ್ಲಿ ಕೆಲಸ ಸಿಕ್ತು ಅಂತ ಪಟ್ಟಿ ಕೇಳಿ, ಅದರಲ್ಲಿ ಇಬ್ಬರ ಜೊತೆ ಮಾತಾಡಿಸಿ ಅನ್ನಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಎದ್ದು ಬನ್ನಿ.

ಪ್ರೈವೇಟ್‌ನಲ್ಲಿ ಕೆಲಸಾನೇ ಇಲ್ಲ ಅಂತ ಅಲ್ಲ. ಬ್ಯಾಂಕುಗಳ ಫ್ರಾಡ್ ತನಿಖೆ, ಇನ್ಶೂರೆನ್ಸ್ ಕ್ಲೇಮ್ ತನಿಖೆ, ಕಂಪನಿಗಳ ಸೈಬರ್ ಸೆಕ್ಯೂರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಇಲ್ಲೆಲ್ಲ ನಮ್ಮ ಮಕ್ಕಳು ಇದ್ದಾರೆ. ಡಿಜಿಟಲ್ ಕಡೆ ಹೋಗೋ ಆಸೆ ಇದ್ರೆ ಡಿಗ್ರಿ ಜೊತೆಗೇ ನೆಟ್‌ವರ್ಕಿಂಗ್, ಲಿನಕ್ಸ್, ಸ್ವಲ್ಪ ಪೈಥಾನ್ ಕಲೀಲಿ.

ಯೂನಿವರ್ಸಿಟಿ ಅಸಲಿಯೋ ನಕಲಿಯೋ ಹೇಗೆ ತಿಳ್ಕೊಳ್ಳೋದು?

ಯುಜಿಸಿ ವೆಬ್‌ಸೈಟಲ್ಲಿ ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿ ಇದೆ, ನಕಲಿಗಳ ಪಟ್ಟಿನೂ ಬೇರೆ ಹಾಕ್ತಾರೆ. ಎರಡನ್ನೂ ನೋಡಿ. ಇದಕ್ಕಿಂತ ಜಾಸ್ತಿ ಮೋಸ ಆಗೋದು ಇನ್ನೊಂದು ಕಡೆ, ಬೇರೆ ರಾಜ್ಯದ ಪ್ರೈವೇಟ್ ಯೂನಿವರ್ಸಿಟಿಯ ಸ್ಟಡಿ ಸೆಂಟರ್ ಅಂತ ನಮ್ಮೂರಿನ ಬಸ್ ಸ್ಟ್ಯಾಂಡ್ ಮೇಲಿನ ಮಹಡಿಯಲ್ಲಿ ಎರಡು ರೂಮ್ ಬಾಡಿಗೆಗೆ ತಗೊಂಡು ಡಿಪ್ಲೊಮಾ ಇನ್ ಕ್ರಿಮಿನಲ್ ಇನ್ವೆಸ್ಟಿಗೇಶನ್ ಅಂತ ಬೋರ್ಡ್ ಹಾಕಿರ್ತಾರೆ. ಆ ಯೂನಿವರ್ಸಿಟಿ ಅಸಲಿ ಆಗಿದ್ರೂ ಹಾಗೆ ಫ್ರಾಂಚೈಸಿ ಕೊಟ್ಟು ನಡೆಸೋದಕ್ಕೆ ಯುಜಿಸಿ ಒಪ್ಪಲ್ಲ. ದುಡ್ಡು ಕಟ್ಟೋ ಮೊದಲು ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾರ ಹೆಸರು ಬರತ್ತೆ, ಕ್ಲಾಸ್ ಎಲ್ಲಿ ನಡೆಯತ್ತೆ ಅನ್ನೋದನ್ನ ಬರವಣಿಗೆಯಲ್ಲಿ ಕೇಳಿ.

ಮನೇಲೇ ಕೂತು ಡಿಸ್ಟೆನ್ಸ್‌ನಲ್ಲಿ ಮಾಡಬಹುದಾ?

ಈಗಾಗಲೇ ಕೆಲಸದಲ್ಲಿ ಇರೋರಿಗೆ, ಮುಖ್ಯವಾಗಿ ಇಲಾಖೆಯಲ್ಲೇ ಇರೋರಿಗೆ, ಇಂದಿರಾ ಗಾಂಧಿ ಓಪನ್ ಯೂನಿವರ್ಸಿಟಿ ಇಗ್ನೋದ ಕ್ರಿಮಿನಲ್ ಜಸ್ಟಿಸ್ ಪಿಜಿ ಡಿಪ್ಲೊಮಾ ಚೆನ್ನಾಗಿದೆ. ಯಾವ ಡಿಸ್ಟೆನ್ಸ್ ಕೋರ್ಸ್ ಆದ್ರೂ ನೀವು ಸೇರೋ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ದೂರಶಿಕ್ಷಣ ವಿಭಾಗದ ಒಪ್ಪಿಗೆ ಇದ್ಯಾ ಅಂತ ನೋಡಿ, ಹೋದ ವರ್ಷ ಇತ್ತು ಅನ್ನೋದು ಲೆಕ್ಕಕ್ಕಿಲ್ಲ. ಲ್ಯಾಬ್ ಇರೋ ಫೊರೆನ್ಸಿಕ್‌ನ ಮಾತ್ರ ಮನೇಲಿ ಕೂತು ಕಲಿಯೋಕೆ ಆಗಲ್ಲ.

ಇದರ ಬದಲು ಲಾ ಮಾಡೋದು ವಾಸಿನಾ?

ವಾದ ಮಾಡೋ, ಬರೆಯೋ, ಗಂಟೆಗಟ್ಟಲೆ ಫೈಲ್ ಓದೋ ಸ್ವಭಾವ ಇದ್ರೆ ಹೌದು, ನಾನೇ ಎಷ್ಟೋ ಜನರನ್ನ ಆ ಕಡೆ ಕಳಿಸಿದೀನಿ. ಪಿಯುಸಿ ಆದ್ಮೇಲೆ 5 ವರ್ಷದ ಲಾ, ಇಲ್ಲಾ ಡಿಗ್ರಿ ಆದ್ಮೇಲೆ 3 ವರ್ಷದ್ದು. ಬಿಎ ಕ್ರಿಮಿನಾಲಜಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡೋದು ನನಗೆ ತುಂಬಾ ಇಷ್ಟವಾದ ಜೋಡಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ 5 ವರ್ಷದ ಕೋರ್ಸಿಗೆ ಕ್ಲಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಕರ್ನಾಟಕದಲ್ಲಿ 10 ವರ್ಷ ಓದಿದ ಮಕ್ಕಳಿಗೆ ಅಲ್ಲಿ 25 ಪರ್ಸೆಂಟ್ ಮೀಸಲಾತಿ ಇದೆ, ಇದು ನಮ್ಮ ಹಳ್ಳಿ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಉಳಿದ ಲಾ ಕಾಲೇಜುಗಳು ಹೆಚ್ಚಿನವು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರತ್ವೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಒಪ್ಪಿಗೆ ಇದ್ಯಾ ಅಂತ ಅಷ್ಟು ಮಾತ್ರ ಖಾತ್ರಿ ಮಾಡ್ಕೊಳ್ಳಿ.

ಜಡ್ಜ್ ಆಗೋ ಕನಸಿದ್ರೆ ಒಂದು ಮಾತು, ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷ ವಕೀಲಿಕೆ ಮಾಡಿರಬೇಕು. ಡಿಗ್ರಿ ಮುಗಿದ ತಕ್ಷಣ ಆಗಲ್ಲ, ಆ ಮೂರು ವರ್ಷ ಜೂನಿಯರ್ ಆಗಿ ದುಡಿಯೋವಾಗ ಕೈಗೆ ಬರೋ ದುಡ್ಡು ಕಡಿಮೆ, ಮನೆಯವರು ಅದಕ್ಕೆ ತಯಾರಿರಬೇಕು.

ಮಗಳು ಕೇಳ್ತಿದಾಳೆ. ಹೆಣ್ಣುಮಕ್ಕಳಿಗೆ ಈ ಲೈನ್ ಸರಿ ಹೋಗತ್ತಾ?

ಈ ಪ್ರಶ್ನೆ ಕೇಳಿದಾಗೆಲ್ಲ ನಾನು ನನ್ನ ಅಮ್ಮನ್ನ ನೆನಪು ಮಾಡ್ಕೊಳ್ತೀನಿ, ಅವರೂ ಹೀಗೇ ಹೆದರಿದ್ರು. ಸರಿ ಹೋಗತ್ತೆ ಅನ್ನೋದಲ್ಲ, ಹೆಣ್ಣುಮಕ್ಕಳು ಇಲ್ಲದೇ ಈ ಕೆಲಸ ನಡೆಯಲ್ಲ. ಅತ್ಯಾಚಾರದ ಕೇಸಲ್ಲಿ ಸಂತ್ರಸ್ತೆಯ ಹೇಳಿಕೆ ಬರ್ಕೊಳ್ಳೋದು ಮಹಿಳಾ ಅಧಿಕಾರಿಯೇ ಆಗಿರಬೇಕು ಅಂತ ಕಾನೂನೇ ಹೇಳತ್ತೆ. ಲ್ಯಾಬಲ್ಲಿ, ಕೋರ್ಟಲ್ಲಿ, ಮಕ್ಕಳ ರಕ್ಷಣಾ ಘಟಕದಲ್ಲಿ ಎಲ್ಲಾ ಕಡೆ ಇದ್ದಾರೆ. ಹಾಸ್ಟೆಲ್ ಹೇಗಿದೆ, ಕಾಲೇಜಿಂದ ಎಷ್ಟು ದೂರ, ಲೈಂಗಿಕ ಕಿರುಕುಳದ ದೂರಿಗೆ ಇರಬೇಕಾದ ಆಂತರಿಕ ಸಮಿತಿ ಹೆಸರಿಗಿದ್ಯಾ ಇಲ್ಲಾ ಕೆಲಸ ಮಾಡತ್ತಾ, ಇದನ್ನ ಸೀನಿಯರ್ ಹುಡುಗಿಯರನ್ನ ಕೇಳಿ ತಿಳ್ಕೊಳ್ಳಿ.

ಪೊಲೀಸೂ ಬೇಡ ಲ್ಯಾಬೂ ಬೇಡ, ಬೇರೆ ಏನಿದೆ?

ಜೈಲು ಇಲಾಖೆ ಇದೆ, ಜೈಲಿನ ಬದಲು ನಿಗಾದಲ್ಲಿ ಬಿಟ್ಟವರನ್ನ ನೋಡಿಕೊಳ್ಳೋ ಪ್ರೊಬೇಶನ್ ಆಫೀಸರ್ ಇದ್ದಾರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೌನ್ಸೆಲರ್‌ಗಳಿದ್ದಾರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರ್ತಾರೆ, ಅವರಲ್ಲಿ ಒಬ್ಬರಾದ್ರೂ ಮಹಿಳೆ. ಆ ಜಾಗಕ್ಕೆ ವರ್ಷಗಳ ಅನುಭವ ಬೇಕು, ಆದ್ರೆ ದಾರಿ ಇಲ್ಲಿಂದಲೇ ಶುರು. ಈ ಕಡೆಗೆ ಬಿಎನಲ್ಲಿ ಸೈಕಾಲಜಿ, ಸೋಶಿಯಾಲಜಿ, ಆಮೇಲೆ ಸೋಶಿಯಲ್ ವರ್ಕ್‌ನ ಮಾಸ್ಟರ್ಸ್ ಎಂಎಸ್‌ಡಬ್ಲ್ಯೂ ಒಳ್ಳೆ ತಯಾರಿ.

ಅಮೆರಿಕಾಗೋ ಇಂಗ್ಲೆಂಡಿಗೋ ಹೋಗಿ ಓದಿದ್ರೆ?

ಓದು ಚೆನ್ನಾಗಿದೆ, ಅನುಮಾನ ಇಲ್ಲ. ನ್ಯೂಯಾರ್ಕಿನ ಜಾನ್ ಜೇ ಕಾಲೇಜು ಈ ವಿಷಯಕ್ಕೇ ಹೆಸರುವಾಸಿ. ಆದ್ರೆ ಅಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ, ಒಂದೊಂದಕ್ಕೂ ಅದರದೇ ನಿಯಮ, ಎಫ್‌ಬಿಐ ಥರದ ಕೇಂದ್ರದ ಕೆಲಸಕ್ಕೆ ಅಮೆರಿಕದ ಪ್ರಜೆಯೇ ಆಗಿರಬೇಕು. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದ ಮಗುವಿಗೆ ಆ ಬಾಗಿಲು ಮುಚ್ಚಿರತ್ತೆ. ಅಲ್ಲಿನ ಕಾನೂನು ಓದಿ ಬಂದ್ರೆ ಇಲ್ಲಿನ ಕೋರ್ಟಿಗೆ ನೇರವಾಗಿ ಉಪಯೋಗ ಆಗಲ್ಲ. ರಿಸರ್ಚ್ ಮಾಡೋ ಆಸೆ ಇದ್ರೆ, ಸೈಬರ್ ಕಡೆ ಇದ್ರೆ ಹೋಗಲಿ, ಮಾಸ್ಟರ್ಸ್‌ಗೆ. ಹೊಲ ಅಡ ಇಟ್ಟು ಬ್ಯಾಚುಲರ್ಸ್‌ಗೆ ಕಳಿಸಬೇಡಿ.

ಹುಡುಗನ ಮೇಲೆ ಒಂದು ಸಣ್ಣ ಕೇಸಿದೆ. ಓದೋದು ವೇಸ್ಟಾ?

ಓದೋದಕ್ಕೆ ಅಡ್ಡಿ ಇಲ್ಲ. ಸರ್ಕಾರಿ ಕೆಲಸಕ್ಕೆ ಆಯ್ಕೆ ಆದಾಗ ಪೊಲೀಸ್ ವೆರಿಫಿಕೇಶನ್ ಆಗತ್ತೆ, ಆಗ ಫಾರಂನಲ್ಲಿ ಮುಚ್ಚಿಟ್ರೆ ಕೇಸಿಗಿಂತ ಮುಚ್ಚಿಟ್ಟಿದ್ದೇ ದೊಡ್ಡದಾಗತ್ತೆ. ಕೇಸಿನ ಸ್ವರೂಪ, ಅದು ಏನಾಯ್ತು ಅನ್ನೋದರ ಮೇಲೆ ನಿರ್ಧಾರ. ಒಬ್ಬ ಒಳ್ಳೆ ವಕೀಲರನ್ನ ಈಗಲೇ ಕಂಡು ಮಾತಾಡಿ.

ಅಡ್ಮಿಶನ್‌ಗೆ ಇನ್ನೂ ತಿಂಗಳಿದೆ. ಈ ಲೈನ್ ನಿಜವಾಗ್ಲೂ ಇಷ್ಟಾನಾ ಅಂತ ಮಗು ಹೇಗೆ ತಿಳ್ಕೊಳ್ಳೋದು?

ನಿಮ್ಮ ತಾಲೂಕು ಕೋರ್ಟಿಗೆ ಎರಡು ದಿನ ಕಳಿಸಿ. ಬಾಗಿಲು ಮುಚ್ಚಿ ಗುಟ್ಟಾಗಿ ನಡೆಸೋ ಕೆಲವು ಕೇಸ್ ಬಿಟ್ರೆ ನಮ್ಮ ಕೋರ್ಟುಗಳು ಎಲ್ಲರಿಗೂ ತೆರೆದೇ ಇರತ್ವೆ, ಯಾರು ಬೇಕಾದ್ರೂ ಹಿಂದಿನ ಬೆಂಚಲ್ಲಿ ಕೂತು ನೋಡಬಹುದು, ಪಾಸ್ ಬೇಡ, ಫೀಸ್ ಇಲ್ಲ. ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ಕೋರ್ಟ್ ಹಾಲ್ ಯಾವುದು ಅಂತ ಕೇಳಿ, ಬೆಳಿಗ್ಗೆ ಹನ್ನೊಂದಕ್ಕೆ ಮೊದಲೇ ಹೋಗಿ ಕೂರಲಿ. ಫೋನ್ ಆಫ್ ಮಾಡಿರಬೇಕು, ಜಡ್ಜ್ ಬಂದಾಗ ಎದ್ದು ನಿಲ್ಲಬೇಕು, ರೆಕಾರ್ಡ್ ಮಾಡೋ ಹಾಗಿಲ್ಲ. ಮೊದಲ ಒಂದು ಗಂಟೆ ಬರೀ ಹೆಸರು ಕೂಗೋದು, ಮುಂದಿನ ಡೇಟ್ ಕೊಡೋದು ನಡೆಯತ್ತೆ, ಅದಕ್ಕೆ ಬೇಜಾರಾಗಿ ಎದ್ದು ಬರಬಾರದು. ಆಮೇಲೆ ಸಾಕ್ಷಿ ವಿಚಾರಣೆ ಬರತ್ತೆ. ಮಹಜರಿಗೆ ಸ್ಥಳದಲ್ಲೇ ಸಹಿ ಹಾಕಿರಬೇಕಿದ್ದ ಪಂಚ ಕಟಕಟೆಯಲ್ಲಿ ನಿಂತು, "ಎಲ್ಲಿ ಸಹಿ ಹಾಕಿದ್ರಿ" ಅಂತ ವಕೀಲರು ಕೇಳಿದ್ದಕ್ಕೆ "ಸ್ಟೇಶನ್ನಲ್ಲಿ ಸಾರ್" ಅಂದುಬಿಟ್ಟಾಗ ಆ ಹಾಲಿನಲ್ಲಿ ಸರ್ಕಾರಿ ವಕೀಲರ (ಎಪಿಪಿ) ಮುಖ, ತನಿಖಾಧಿಕಾರಿ ಮುಖ, ಹಿಂದೆ ಕೂತಿರೋ ದೂರುದಾರನ ಮುಖ ಏನಾಗತ್ತೆ ಅಂತ ಮಗು ನೋಡಲಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅದು ಏನು ಹೇಳತ್ತೆ ಅಂತ ನೀವು ಕೇಳಿಸ್ಕೊಳ್ಳಿ, ಮಧ್ಯಾಹ್ನದ ಕಲಾಪಕ್ಕೆ ಮತ್ತೆ ಹೋಗ್ತೀನಿ ಅಂತ ತಾನಾಗೇ ಚಪ್ಪಲಿ ಹಾಕ್ಕೊಂಡ್ರೆ ಮಾರನೇ ದಿನ ಕಾಲೇಜು ನೋಡೋಕೆ ಹೊರಡಿ.